ಹಾರುದೋಣಿಯ ಎಡಮಗ್ಗುಲು

ಕೆಲಸದಿಂದ ನಿವೃತ್ತಳಾದಾಗ ನನಗೆ ಮೂವತ್ತೊಂಬತ್ತು ವರ್ಷ. ಹೇಳಿದರೆ ಜನ ನಗುತ್ತಾರೆ. ಆದರೆ ವಿಮಾನದ ತಗಡು ಜೋಡಿಸುವ ರಿವೆಟ್ ಮೊಳೆಗಳನ್ನು ಹೊಡೆಯುವವರ ಬೆರಳುಗಳು ಅವರಿಗಿಂತ ಬೇಗ ಮುದಿಯಾಗುತ್ತವೆ. ನನ್ನ ಬೆರಳುಗಳು ನನಗಿಂತ ಇಪ್ಪತ್ತೈದು ವರ್ಷ ಮುಂದೆ ಓಡಿಬಿಟ್ಟವು. 2012ರ ಸೆಪ್ಟೆಂಬರ್ 3, ಸೋಮವಾರ ಕೆಲಸಕ್ಕೆ ಸೇರಿದೆ. 2023ರ ಏಪ್ರಿಲ್ 28, ಶುಕ್ರವಾರ ಬಿಟ್ಟೆ. ಹತ್ತು ವರ್ಷ, ಏಳು ತಿಂಗಳು, ಇಪ್ಪತ್ತೈದು ದಿನ. ದಿನಚರಿಯ ಪುಸ್ತಕಗಳು ಹನ್ನೊಂದು. ಹೊಡೆದ ರಿವೆಟ್‌ಗಳು 41,306. ಅವುಗಳಲ್ಲಿ 184 ರಿವೆಟ್‌ಗಳ ವಿಷಯವನ್ನು ಬರೆಯದೆ ಹೋದರೆ ಉಳಿದವನ್ನು ಬರೆದೂ ಪ್ರಯೋಜನವಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ಕೇಳುವುದು, ಹಾರುದೋಣಿ ಎಂದರೇನು ಎಂದು. ಕೆಳಗೆ ಎರಡು ತೇಲುಗಾಲು ಕಟ್ಟಿಕೊಂಡ ಪುಟ್ಟ ವಿಮಾನವಲ್ಲ ಅದು. ವಿಮಾನದ ಹೊಟ್ಟೆಯೇ ದೋಣಿ. ನೀರಿನ ಮೇಲೆ ಓಡಿ ಏಳುತ್ತದೆ, ನೀರಿನ ಮೇಲೆಯೇ ಇಳಿಯುತ್ತದೆ, ರಾತ್ರಿ ಲಂಗರು ಹಾಕಿಕೊಂಡು ನಿಲ್ಲುತ್ತದೆ. ಆದ್ದರಿಂದ ಬೇರೆ ವಿಮಾನಗಳಲ್ಲಿ ರಿವೆಟ್ ತಗಡನ್ನು ಹಿಡಿದರೆ ಸಾಕು, ಇಲ್ಲಿ ನೀರನ್ನೂ ತಡೆಯಬೇಕು.

ನಮ್ಮ ಕಾರ್ಯಾಗಾರ ಆಮ್ಸ್ಟರ್‌ಡ್ಯಾಮ್‌ನ ಪೂರ್ವಕ್ಕೆ, ನೀರಿನ ಅಂಚಿನಲ್ಲಿದ್ದ ಹಳೆಯ ಶೆಡ್. ಹಳೆಯ ವಿಮಾನಗಳನ್ನು ಉಳಿಸುವ ಸಣ್ಣ ಪ್ರತಿಷ್ಠಾನವೊಂದು ಅದನ್ನು ನಡೆಸುತ್ತಿತ್ತು. ಸಂಬಳಕ್ಕಿದ್ದವರು ನಾಲ್ವರು, ಉಳಿದವರು ಸ್ವಂತ ಆಸಕ್ತಿಯಿಂದ ಬರುವ ನಿವೃತ್ತರು. ನಾನು ಗದಗಿನವಳು. ಬೆಂಗಳೂರಿನಲ್ಲಿ ವಿಮಾನದ ತಗಡಿನ ಕೆಲಸ ಕಲಿತು ನಾಲ್ಕು ವರ್ಷ ಮಾಡಿದ್ದೆ. ಗಂಡ ಪ್ರಸನ್ನನಿಗೆ ಜೂಟರ್‌ಮೀರ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿದ್ದರಿಂದ ಅವನ ಪರ್ಮಿಟ್ಟಿನ ಮೇಲೆ ಬಂದೆ. ದಿನಾ ರೈಲಿನಲ್ಲಿ ಹೋಗಿ, ಸ್ಟೇಷನ್ನಿನಿಂದ ಮುಂದಕ್ಕೆ ಸೈಕಲ್ ತುಳಿಯುತ್ತಿದ್ದೆ. ಎದುರುಗಾಳಿ ಇದ್ದ ದಿನ ಇಪ್ಪತ್ತೆರಡು ನಿಮಿಷ, ಇಲ್ಲದ ದಿನ ಹದಿನಾರು.

ಸಂದರ್ಶನ ಮಾಡಿದವರು ಫೋರ್‌ಮನ್ ವಿಲ್ಲೆಮ್. ನನ್ನ ಸರ್ಟಿಫಿಕೇಟುಗಳನ್ನು ಅವರು ಮುಟ್ಟಲೂ ಇಲ್ಲ. ಒಬ್ಬಳೇ ಹೊಡೆಯಬಹುದಾದಷ್ಟು ಸಣ್ಣ ಎರಡು ತಗಡು, ಹತ್ತು ರಿವೆಟ್ ಕೊಟ್ಟು ಕಾಫಿಗೆ ಹೋದರು. ವಾಪಸ್ ಬಂದಾಗ ನಾನು ಅಭ್ಯಾಸಬಲದಿಂದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಒಂಬತ್ತು ಸರಿ, ಏಳನೆಯದು ಓರೆ.

"ಏಳನೆಯದು ಓರೆ ಅಂತ ನೀನೇ ಬರೆದೆಯಾ?" ಎಂದು ಕೇಳಿದರು.

"ನಾನೇ ಹೊಡೆದದ್ದು, ಮತ್ಯಾರು ಬರೀಬೇಕು?"

ತಗಡನ್ನು ತಿರುಗಿಸಿ ನೋಡದೆಯೇ ಸೋಮವಾರದಿಂದ ಬಾ ಎಂದರು. ಅಂದಿನಿಂದ ಅವರು ನನ್ನ ಕೆಲಸವನ್ನು ನೋಡಿದ್ದಕ್ಕಿಂತ ನನ್ನ ಪುಸ್ತಕವನ್ನು ನೋಡಿದ್ದೇ ಹೆಚ್ಚು. ಆ ವಿಶ್ವಾಸದಿಂದ ನನಗೆ ಹೆಮ್ಮೆಯಾಗುತ್ತಿತ್ತು. ಅದರಲ್ಲಿ ಅಪಾಯವೂ ಇತ್ತು ಎಂದು ತಿಳಿಯಲು ಹತ್ತು ವರ್ಷ ಹಿಡಿಯಿತು.

ನಮ್ಮ ದೋಣಿ ಎರಡನೇ ಮಹಾಯುದ್ಧದ ಕಾಲದಲ್ಲಿ ಹುಟ್ಟಿದ್ದು. ಸಮುದ್ರದ ಮೇಲೆ ಗಸ್ತು ತಿರುಗಿ ಜಲಾಂತರ್ಗಾಮಿಗಳನ್ನು ಹುಡುಕುವುದು ಅದರ ಮೊದಲ ಉದ್ಯೋಗ. ಯುದ್ಧ ಮುಗಿದ ಮೇಲೆ ಬಂದೂಕುಗಳನ್ನು ಕಿತ್ತು, ಕಿಟಕಿ ಕೊರೆದು, ಕುರ್ಚಿ ಹಾಕಿ ಪ್ರಯಾಣಿಕರ ವಿಮಾನ ಮಾಡಿದರು. ಆಗ ದೂರದ ಎಷ್ಟೋ ಊರುಗಳಲ್ಲಿ ರನ್‌ವೇ ಇರಲಿಲ್ಲ, ಬಂದರು ಇತ್ತು. ಆದರೆ ಯುದ್ಧ ಇನ್ನೊಂದು ಕೆಲಸವನ್ನೂ ಮಾಡಿಬಿಟ್ಟಿತ್ತು. ಜಗತ್ತಿನ ತುಂಬ ಕಾಂಕ್ರೀಟು ಸುರಿದು ರನ್‌ವೇ ಕಟ್ಟಿಹೋಗಿತ್ತು. ಚಕ್ರದ ವಿಮಾನಗಳು ವೇಗವಾಗಿ ಹೋಗುತ್ತಿದ್ದವು, ಉಪ್ಪುನೀರು ಅವನ್ನು ತಿನ್ನುತ್ತಿರಲಿಲ್ಲ. ಐವತ್ತರ ದಶಕ ಮುಗಿಯುವ ಹೊತ್ತಿಗೆ ದೊಡ್ಡ ಮಾರ್ಗಗಳಲ್ಲಿ ಹಾರುದೋಣಿಯ ಕಾಲ ಮುಗಿದಿತ್ತು. ರನ್‌ವೇ ಕಟ್ಟಲು ಜಾಗವಿಲ್ಲದ ದ್ವೀಪಗಳಿಗೆ ಮಾತ್ರ ಎಪ್ಪತ್ತರ ದಶಕದವರೆಗೂ ಒಂದೆರಡು ಹಾರುತ್ತಿದ್ದವು. ನಮ್ಮದು ಅಂಥ ಕೊನೆಯ ಸಾಲಿನದು.

ಇದೆಲ್ಲ ಪುಸ್ತಕಗಳಲ್ಲಿ ಸಿಗುತ್ತದೆ. ನಾನು ಅದನ್ನು ಬಣ್ಣ ಕೆರೆಯುತ್ತ ಓದಿದೆ. ಅತ್ಯಂತ ಕೆಳಗೆ ಯುದ್ಧದ ಬೂದು ಬಣ್ಣ. ಅದರ ಮೇಲೆ ಬಿಳಿ, ನೀಲಿ, ಮತ್ತೆ ಬಿಳಿ. ಮೂರು ಕಂಪನಿಗಳು, ಮೂರು ಪದರ. ಕೊನೆಯ ಪದರ ತೀರ ತೆಳು, ಬಣ್ಣ ಹೊಡೆದವರಿಗೇ ಅದರ ಮೇಲೆ ನಂಬಿಕೆ ಇರಲಿಲ್ಲವೇನೋ ಎಂಬಂತೆ. ಪ್ರಯಾಣಿಕರ ನೆಲಹಾಸಿನ ಕೆಳಗೆ ಬಂದೂಕಿನ ಗೂಡಿನ ಉಕ್ಕಿನ ಬಳೆ ಹಾಗೆಯೇ ಇತ್ತು, ಅದರ ಮೇಲೆ ಹಲಗೆ ಬಡಿದು ಕುರ್ಚಿ ಕೂರಿಸಿದ್ದರು. ಹಲಗೆಯ ಅಡಿಯಲ್ಲಿ ಸಿಕ್ಕಿದ ವಸ್ತುಗಳ ಪಟ್ಟಿ ನನ್ನ ಎರಡನೆಯ ಪುಸ್ತಕದಲ್ಲಿದೆ: ಕೂದಲಿನ ಪಿನ್ನು 61, ಚಹಾ ಚಮಚ 7, ಅಂಗಿಯ ಗುಂಡಿ 19, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು 1, ಮೇಲ್ದವಡೆಯದು.

ಐದನೆಯ ವರ್ಷ ಟ್ರೂಸ್ ಎಂಬ ಅಜ್ಜಿ ಬಂದರು. ತೊಂಬತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಕೋಲು, ತುಟಿಗೆ ಬಣ್ಣ. ಯುದ್ಧದ ನಂತರ ತಂದೆತಾಯಿಯ ಜೊತೆ ಹಡಗು ಹತ್ತಿ ದಕ್ಷಿಣ ಗೋಳಾರ್ಧಕ್ಕೆ ವಲಸೆ ಹೋದ ಡಚ್ ಕುಟುಂಬಗಳಲ್ಲಿ ಅವರದೂ ಒಂದು. ಅಲ್ಲಿ ಇಂಥದೇ ಹಾರುದೋಣಿಯಲ್ಲಿ ಗಗನಸಖಿಯಾಗಿದ್ದವರು. ಮದುವೆಯಾಗಿ ವಾಪಸ್ ಬಂದರು. ನಾವು ಮೂರು ತಿಂಗಳು ಕೂತು ಜೋಡಿಸಿದ್ದ ಕೆಳಗಿನ ಕ್ಯಾಬಿನ್ನನ್ನು ಅವರು ಬಾಗಿಲಲ್ಲೇ ನಿಂತು ನೋಡಿದರು.

"ಕುರ್ಚಿ ತಿರುಗಿಸಿ," ಎಂದರು. "ಎದುರುಬದುರು ಇರಬೇಕು, ನಡುವೆ ಮೇಜು. ಎಲ್ಲಾ ಒಂದೇ ಕಡೆ ಮುಖ ಮಾಡ್ಕೊಂಡು ಕೂತ್ರೆ ನಾನು ಸೂಪ್ ಎಲ್ಲಿ ಇಡಲಿ? ಇದೇನು ಬಸ್ಸಾ?"

ಅಡುಗೆಮನೆಯನ್ನು ಅವರೇ ತೋರಿಸಿದರು. ದೋಣಿಯ ಬಲಮಗ್ಗುಲಲ್ಲಿ, ಮೆಟ್ಟಿಲ ಹಿಂದೆ. ನಿಜವಾದ ಒಲೆ, ನಿಜವಾದ ಬಾಣಲೆ, ಹಾರುತ್ತಿರುವಾಗಲೇ ಮೊಟ್ಟೆ ಒಡೆದು ಹಾಕುತ್ತಿದ್ದರಂತೆ. ಪಾತ್ರೆ ತೊಳೆದ ನೀರು ಪೈಪಿನ ಮೂಲಕ ತಳದಿಂದ ಹೊರಹೋಗುತ್ತಿತ್ತು. ಆ ಪೈಪು ಇನ್ನೂ ಇತ್ತು. ಅದು ಯಾತಕ್ಕೆ ಎಂದು ನಾವು ಎರಡು ವರ್ಷ ಚರ್ಚೆ ಮಾಡಿದ್ದೆವು.

"ಇಳಿಯೋವಾಗ ನೀರು ಚಿಮ್ಮಿ ಕೆಳಗಿನ ಕಿಟಕಿಗಳೆಲ್ಲ ಮುಚ್ಚಿಹೋಗ್ತಿದ್ವು," ಎಂದರು. "ಮುಳುಗಿದ್ವಿ ಅಂತ ಜನ ಕೂಗ್ಕೊಳ್ಳೋರು. ಅದಕ್ಕೇ ಮೊದಲೇ ಹೇಳ್ತಿದ್ದೆ, ಇಪ್ಪತ್ತರ ತನಕ ಎಣಿಸಿ, ಬೆಳಕು ಬರುತ್ತೆ ಅಂತ. ಗಂಡಸರು ಹನ್ನೆರಡಕ್ಕೇ ನಿಲ್ಲಿಸಿ ನನ್ನ ಕೈ ಹಿಡ್ಕೊಳ್ತಿದ್ರು."

ವಿಲ್ಲೆಮ್ ಕೇಳಿದರು, "ತಳ ಸೋರ್ತಿತ್ತಾ?"

"ದೋಣಿ ಅಲ್ವೇನಪ್ಪಾ ಅದು. ಪ್ರಯಾಣಿಕರು ಬರೋಕೆ ಮುಂಚೆ ದಿನಾ ಬೆಳಿಗ್ಗೆ ಪಂಪ್ ಹೊಡೀತಿದ್ರು. ಎಷ್ಟು ಸೋರುತ್ತೆ ಅಂತ ಗೊತ್ತಿದ್ದವರ ಜೊತೆ ನಾನು ಹಾರ್ತಿದ್ದೆ. ಸೋರೋದೇ ಇಲ್ಲ ಅನ್ನೋರ ಜೊತೆ ಹಾರ್ತಿರಲಿಲ್ಲ."

ಅವರು ಹೋದ ಮೇಲೆ ಕುರ್ಚಿಗಳನ್ನು ತಿರುಗಿಸಿದೆವು. ಒಂಬತ್ತು ದಿನದ ಕೆಲಸ.

ಈಗ ರಿವೆಟ್ ಹೊಡೆಯುವ ರೀತಿ ಹೇಳಬೇಕು. ಅದು ಇಬ್ಬರ ಕೆಲಸ. ಹೊರಗಿರುವವರ ಕೈಯಲ್ಲಿ ಗಾಳಿಯಿಂದ ಬಡಿಯುವ ಗನ್ನು. ಒಳಗಿರುವವರ ಕೈಯಲ್ಲಿ ನಯವಾದ ಉಕ್ಕಿನ ಗಟ್ಟಿ. ಗನ್ನು ಹೊರಗಿನಿಂದ ಬಡಿದಾಗ ಒಳಗಿನ ಗಟ್ಟಿಗೆ ಒತ್ತಿಕೊಂಡು ರಿವೆಟ್ಟಿನ ಬಾಲ ಚಪ್ಪಟೆಯಾಗುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಕಾಣುವುದಿಲ್ಲ. ಒಳಗಿನವರು ತಗಡಿಗೆ ಒಂದು ತಟ್ಟಿದರೆ ಮತ್ತೊಮ್ಮೆ ಹೊಡಿ, ಎರಡು ತಟ್ಟಿದರೆ ಮುಂದಕ್ಕೆ ಹೋಗು. ಒಳಗಿನ ಕೈ ಸ್ವಲ್ಪ ವಾಲಿದರೂ ರಿವೆಟ್ಟು ಸೋರುತ್ತದೆ, ಹೊರಗಿನಿಂದ ನೋಡಿದರೆ ಮಾತ್ರ ಚಂದವಾಗಿಯೇ ಕಾಣುತ್ತದೆ. ತಪ್ಪು ಯಾರದು ಎಂಬ ಜಗಳ ಬಂದಾಗ ಯಾವಾಗಲೂ ಒಳಗಿನವರ ಮೇಲೆ ಹೋಗುವುದು ಇದಕ್ಕೇ.

2022ರ ಏಪ್ರಿಲ್‌ನಲ್ಲಿ ಯಾಸ್ಮಿನ್ ಸೇರಿದಳು. ರಾಟರ್‌ಡ್ಯಾಮ್‌ನ ಮೊರಾಕ್ಕೊ ಮೂಲದ ಮನೆಯ ಹುಡುಗಿ, ಮೂವತ್ತನಾಲ್ಕು ವರ್ಷ. ಹನ್ನೆರಡು ವರ್ಷ ಸೂಪರ್‌ಮಾರ್ಕೆಟ್ಟಿನ ಕೌಂಟರಿನಲ್ಲಿ ಕೂತು, ಸಂಜೆ ತರಗತಿಗೆ ಹೋಗಿ ತಗಡಿನ ಕೆಲಸ ಕಲಿತವಳು. ಅವಳದು ಒಂದು ವರ್ಷದ ಕರಾರು. ಅದು ಕಾಯಂ ಆಗಬೇಕಾದರೆ 2023ರ ಮಾರ್ಚ್ ಮುಗಿಯುವುದರೊಳಗೆ ವಿಲ್ಲೆಮ್ ಹೌದು ಎಂದು ಬರೆದುಕೊಡಬೇಕು.

"ಬೇಡ ಅಂದ್ರೆ?" ಎಂದು ಒಮ್ಮೆ ಕೇಳಿದ್ದೆ.

"ಮತ್ತೆ ಬೀಪ್, ಬೀಪ್, ಬೋನಸ್ ಕಾರ್ಡ್ ಇದೆಯಾ ಮೇವ್ರೌ," ಎಂದು ನನ್ನನ್ನು ಅಮ್ಮಾವ್ರೇ ಎಂದು ಕರೆದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅಲ್ಲಿಗೆ ಮಾತ್ರ ಹೋಗಲ್ಲ ಶೈಲಾ," ಎಂದಳು.

ಆ ವರ್ಷ ದೋಣಿ ತಲೆಕೆಳಗಾಗಿತ್ತು. ತಳದ ಕೆಲಸ ಮಾಡಲು ಹಾಗೆ ಮಗುಚುತ್ತಾರೆ. ವಿಲ್ಲೆಮ್ ತಳವನ್ನೆಲ್ಲ ಪರೀಕ್ಷಿಸಿ, ಕೆಟ್ಟ ರಿವೆಟ್‌ಗಳಿಗೆ ಸೀಮೆಸುಣ್ಣದಿಂದ ಸುತ್ತು ಹಾಕಿ, ಕಾಗದದಲ್ಲೂ ಬರೆದಿಟ್ಟು, ಕ್ಯಾರವಾನ್ ಕಟ್ಟಿಕೊಂಡು ಮೂರು ವಾರ ಫ್ರಾನ್ಸಿಗೆ ರಜೆ ಹೋದರು. ಜುಲೈ 18ರ ಸೋಮವಾರ ನಾನು ಬರುವಷ್ಟರಲ್ಲಿ, ತಳ ಕೊಳೆಯಾಗಿದೆಯೆಂದು ನಮ್ಮ ನಿವೃತ್ತ ಸ್ವಯಂಸೇವಕರೊಬ್ಬರು ಉತ್ಸಾಹದಿಂದ ಒರೆಸಿ ಫಳಫಳ ಮಾಡಿಟ್ಟಿದ್ದರು. ಸೀಮೆಸುಣ್ಣದ ಸುತ್ತುಗಳೂ ಹೋಗಿದ್ದವು. ಕಾಗದ ಇದೆಯಲ್ಲ ಎಂದುಕೊಂಡೆ. ಅದರಲ್ಲಿ ಸ್ಪಷ್ಟವಾಗಿತ್ತು: ದೋಣಿಯ ಅಡ್ಡಚೌಕಟ್ಟುಗಳಲ್ಲಿ, ಅಂದರೆ ಪಕ್ಕೆಲುಬುಗಳಲ್ಲಿ, ಹನ್ನೆರಡರಿಂದ ಹದಿನೆಂಟನೆಯದರವರೆಗೆ, ಎಡಗಡೆ ಸಾಲು ಪೂರ್ತಿ ಬದಲಿಸಬೇಕು, ಬಲಗಡೆ ಸಾಲು ಗಟ್ಟಿ ಇದೆ, ಮುಟ್ಟಬಾರದು.

ನಾನು ಅಟ್ಟಣಿಗೆ ಹತ್ತಿ, ಮೂತಿಯ ಕಡೆ ಮುಖ ಮಾಡಿ ನಿಂತು, ನನ್ನ ಎಡಗೈ ಕಡೆಯ ಸಾಲನ್ನು ಹಿಡಿದೆ. ಐದು ದಿನ, ದಿನಕ್ಕೆ ಸರಾಸರಿ ಮೂವತ್ತೇಳು. ಒಳಗೆ ಯಾಸ್ಮಿನ್. ಒಟ್ಟು 184. ವಿಲ್ಲೆಮ್ ರಜೆಯಿಂದ ಬಂದು ನನ್ನ ಪುಸ್ತಕ ನೋಡಿದರು, ತಮ್ಮ ಕಾಗದ ನೋಡಿದರು. ಎರಡರಲ್ಲೂ 184. ಸಹಿ ಹಾಕಿದರು. ಎರಡೂ ಸಾಲಿನ ಮೇಲೆ ಬಣ್ಣ ಬಿತ್ತು. ಚಳಿಗಾಲದಲ್ಲಿ ದೋಣಿಯನ್ನು ನೆಟ್ಟಗೆ ತಿರುಗಿಸಿದೆವು.

ತಳ ಸೋರುತ್ತದೆಯೇ ಎಂದು ನೋಡುವುದಕ್ಕೆ ದೋಣಿಯನ್ನು ನೀರಿಗೆ ಇಳಿಸುವುದಿಲ್ಲ. ನೀರನ್ನು ದೋಣಿಯೊಳಕ್ಕೆ ಬಿಡುತ್ತೇವೆ. ಒಂದೊಂದೇ ಕೋಣೆಗೆ ಪೈಪು ಹಾಕಿ, ಹೊರಗೆ ನೀರು ಎಲ್ಲಿಯವರೆಗೆ ಬರಬೇಕೋ ಒಳಗೆ ಅಲ್ಲಿಯವರೆಗೆ ತುಂಬಿ, ಎಲ್ಲರೂ ಅಡಿಯಲ್ಲಿ ರಟ್ಟು ಹಾಸಿಕೊಂಡು ಮಲಗಿ ಮೇಲಕ್ಕೆ ನೋಡುವುದು. ಹನಿ ಕಂಡಲ್ಲಿ ಸುತ್ತು ಹಾಕುವುದು. ಮೊದಲ ಇಪ್ಪತ್ತು ನಿಮಿಷ ಯಾರೂ ಮಾತಾಡಬಾರದು, ವಿಲ್ಲೆಮ್ ಅವರ ನಿಯಮ. ಮಾತಾಡಿದರೆ ಕಣ್ಣು ಅತ್ತಿತ್ತ ಹೋಗುತ್ತದಂತೆ.

2023ರ ಮಾರ್ಚ್ 9, ಗುರುವಾರ. ಎಂಟು ಜನ ಮಲಗಿದ್ದೆವು. ಎಡಗಡೆ ಸಾಲಿನಲ್ಲಿ 31 ಸುತ್ತುಗಳು ಬಿದ್ದವು. ಬಲಗಡೆ ಒಂದೂ ಇಲ್ಲ.

ವಿಲ್ಲೆಮ್ ಎದ್ದು ಕೂತು ಕನ್ನಡಕ ಒರೆಸಿಕೊಂಡರು. "ಹಳೇ ಸಾಲು ಒಣಗಿದೆ. ಹೊಸಾ ಸಾಲು ಸೋರ್ತಿದೆ. ಒಳಗೆ ಗಟ್ಟಿ ಹಿಡಿದದ್ದು ಯಾರು?"

ಅವರಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.

"ನಾನು," ಎಂದಳು ಯಾಸ್ಮಿನ್. "ಆದ್ರೆ ಒಂದೊಂದೂ ಸರಿಯಾಗಿ ಕೂತಿತ್ತು. ಕೈಗೆ ಗೊತ್ತಾಗುತ್ತೆ."

"ಕೈಗೆ ಗೊತ್ತಾಗೋಕೆ ವರ್ಷಗಳು ಬೇಕು," ಎಂದರು ವಿಲ್ಲೆಮ್. "ನಿನ್ನ ಕೈಗೆ ಇನ್ನೂ ಬಂದಿಲ್ಲ ಅಂತ ಕಾಣುತ್ತೆ."

ಆಗ ನಾನು ಬಾಯಿ ತೆರೆದೆ. ಅವಳನ್ನು ಕಾಪಾಡುತ್ತಿದ್ದೇನೆ ಎಂದೇ ನಂಬಿ ಹೇಳಿದೆ, "ಅವಳಿಗೆ ಆಗ ಮೂರು ತಿಂಗಳಷ್ಟೇ ಆಗಿತ್ತು ವಿಲ್ಲೆಮ್. ಹೊಸಬಳು."

ಯಾಸ್ಮಿನ್ ನನ್ನ ಕಡೆ ನೋಡಿದಳು. ತನ್ನ ರಟ್ಟನ್ನು ಮಡಿಸಿ ಎತ್ತಿಕೊಂಡು ಹೋದಳು. ಹತ್ತು ವರ್ಷದ ಕೆಲಸದಲ್ಲಿ ನಾನು ಆಡಿದ ಅತಿ ಕೆಟ್ಟ ಮಾತು ಅದು. ಮೆದುವಾಗಿಯೇ ಆಡಿದ್ದೆ.

ಮರುದಿನ ವಿಲ್ಲೆಮ್ ನನ್ನನ್ನು ಕರೆದು, ಯಾಸ್ಮಿನ್‌ಳನ್ನು ಕಾಯಂ ಮಾಡಲು ತಾವು ಬರೆಯುವುದಿಲ್ಲ ಎಂದರು. ಸೋಮವಾರ ಕಚೇರಿಗೆ ಕಾಗದ ಕಳಿಸುತ್ತೇನೆ, ಜುಲೈ ತಿಂಗಳ ವಿವರ ನಿನ್ನ ಪುಸ್ತಕದಿಂದ ತೆಗೆದುಕೊಂಡು ಬಾ ಎಂದರು.

ಭಾನುವಾರ ಮಧ್ಯಾಹ್ನ, ಮನೆಯಲ್ಲಿ ಹತ್ತನೆಯ ಪುಸ್ತಕ ತೆಗೆದು ಕೂತೆ. ಪ್ರಸನ್ನ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದ. ಜುಲೈ 19, ಮಂಗಳವಾರದ ಪುಟದಲ್ಲಿ ನನ್ನದೇ ಅಕ್ಷರ: "38 ಆಯಿತು. ಯಾಸ್ಮಿನ್ ಮೊಣಕೈ ಪದೇಪದೇ ಅಡುಗೆಮನೆ ಪೈಪಿಗೆ ಬಡಿಯುತ್ತಿದೆ. ಪೈಪಿಗೆ ಬಟ್ಟೆ ಸುತ್ತಿಕೊಟ್ಟೆ."

ಪುಟ ತಿರುಗಿಸಿ ಮುಂದಕ್ಕೆ ಹೋದೆ. ನಿಂತೆ. ವಾಪಸ್ ಬಂದೆ.

"ಅಡಗಿಮನಿ ಪೈಪ ಯಾವ ಕಡಿ ಐತಿ?" ಎಂದು ಜೋರಾಗಿಯೇ ಕೇಳಿದೆ.

"ಸಿಂಕ್ ಕೆಳಗೆ," ಎಂದ ಪ್ರಸನ್ನ. "ಮತ್ತೆ ಸೋರ್ತಿದ್ಯಾ?"

"ನಮ್ಮನಿದಲ್ಲೋ ಮಾರಾಯ. ವಿಮಾನದ್ದು."

"ವಿಮಾನದ ಅಡುಗೆಮನೆ ನನಗೇನು ಗೊತ್ತು ಕಣೇ. ನಮ್ಮದರಲ್ಲಿ ಸಾಸಿವೆ ಡಬ್ಬಿ ಎಲ್ಲಿದೆ ಅಂತಾನೇ ಗೊತ್ತಿಲ್ಲ."

ಪೈಪು ಬಲಮಗ್ಗುಲಲ್ಲಿತ್ತು. ಟ್ರೂಸ್ ಅಜ್ಜಿ ಕೋಲಿನಿಂದ ತೋರಿಸಿದ ಜಾಗ. ಯಾಸ್ಮಿನ್‌ಳ ಮೊಣಕೈ ಆ ಪೈಪಿಗೆ ಬಡಿಯುತ್ತಿತ್ತು ಎಂದರೆ ಅವಳು ಕೂತಿದ್ದದ್ದು ದೋಣಿಯ ಬಲಗಡೆ ಸಾಲಿನ ಹತ್ತಿರ. ನಾನು ಮೇಜಿನ ಮೇಲಿದ್ದ ಸೌಟನ್ನು ಮಗುಚಿ ಹಾಕಿ ನೋಡಿದೆ. ದೋಣಿಯ ಎಡ ಎನ್ನುವುದು ಪೈಲಟ್ ಕೂತಾಗಿನ ಎಡ. ತಲೆಕೆಳಗಾದ ದೋಣಿಯ ಮೇಲೆ ನಿಂತವಳ ಎಡಗೈ ಕಡೆ ಇರುವುದು ದೋಣಿಯ ಬಲ. ಗಟ್ಟಿಯಿದ್ದ ಸಾಲನ್ನು ಕಿತ್ತು 184 ಹೊಸ ರಿವೆಟ್ ಹೊಡೆದಿದ್ದೆ. ಕೊಳೆತ ಸಾಲಿನ ಮೇಲೆ ಬಣ್ಣ ಹೊಡೆಸಿದ್ದೆ. ಲೆಕ್ಕ ಸರಿಯಿತ್ತು, ಮಗ್ಗುಲು ತಪ್ಪಿತ್ತು. ಬಲಗಡೆ ಒಂದು ಹನಿಯೂ ಬೀಳಲಿಲ್ಲ ಎಂದರೆ ಯಾಸ್ಮಿನ್‌ಳ ಕೈ ಕೆಟ್ಟದ್ದಲ್ಲ, ಚೆನ್ನಾಗಿತ್ತು.

ಪ್ರಸನ್ನನಿಗೆ ಹೇಳಿದೆ. ಅವನು ಒಲೆ ಆರಿಸಿ ಬಂದು ಎದುರಿಗೆ ಕೂತ.

"ಯಾರಿಗಾದ್ರೂ ಗೊತ್ತಾ?"

"ಇಲ್ಲ. ಗೊತ್ತಾಗೂದೂ ಇಲ್ಲ. ಆ ಸಾಲು ಹೆಂಗೂ ಕಿತ್ತು ಹೊಸಾದು ಹೊಡೀತಾರ. ಹಳೇ ರಿವೆಟ್ ಯಾರ ನೋಡ್ತಾರ?"

"ಆ ಹುಡುಗಿ ಕೆಲಸ?"

ನಾನು ಪುಸ್ತಕ ಮುಚ್ಚಿದೆ.

"ಹತ್ತು ವರ್ಷದಿಂದ ನನ್ನ ಮೇಲೆ ಈ ಪುಸ್ತಕ ಓದ್ತೀಯ," ಎಂದ. "ಯಾವ ತಾರೀಕು ಕಸ ಹೊರಗಿಡೋದು ಮರೆತೆ, ಎಷ್ಟು ಸಲ ಕೀ ಕಳೆದೆ. ಒಂದ್ಸಲ ನಿನ್ನ ಮೇಲೆ ಓದ್ಕೋ. ಸುತ್ತಿ ಬಳಸಿ ಹೇಳ್ಬೇಡ, ಇಲ್ಲಿನವರಿಗೆ ಅದು ಅರ್ಥ ಆಗಲ್ಲ."

ಸೋಮವಾರ ಹತ್ತು ಗಂಟೆ, ಕಾಫಿ ಸಮಯ. ತಲೆಗೊಂದು ಬಿಸ್ಕತ್ತು. ಮೇಜಿನ ಸುತ್ತ ಐದು ಜನ. ವಿಲ್ಲೆಮ್ ಪುಸ್ತಕಕ್ಕೆ ಕೈ ಚಾಚಿದರು. ನಾನು ಕೊಡಲಿಲ್ಲ. ಜುಲೈ 19ರ ಪುಟವನ್ನು ಡಚ್ಚಿನಲ್ಲಿ ಓದಿದೆ. ಮೊಣಕೈ, ಪೈಪು, ಬಟ್ಟೆ. ಆಮೇಲೆ ಹೇಳಿದೆ, "ನಾನು ಬಲಗಡೆ ಹೊಡೆದೆ. ದೋಣಿ ಮಗುಚಿತ್ತು. ನನ್ನ ಎಡಗೈಯನ್ನ ದೋಣಿಯ ಎಡ ಅಂದ್ಕೊಂಡೆ. ಯಾಸ್ಮಿನ್ ತಪ್ಪು ಒಂದೂ ಇಲ್ಲ."

ವಿಲ್ಲೆಮ್ ಎದ್ದು ಡ್ರಿಲ್ ತೆಗೆದುಕೊಂಡು ದೋಣಿಯ ಅಡಿಗೆ ಹೋದರು. ನಾವು ಕೂತೇ ಇದ್ದೆವು. ಎರಡು ನಿಮಿಷ ಡ್ರಿಲ್ಲಿನ ಸದ್ದು. ವಾಪಸ್ ಬಂದು ಎಡಗಡೆ ಸಾಲಿನ ರಿವೆಟ್ಟೊಂದನ್ನು ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿಟ್ಟರು. ಸುಣ್ಣದ ಪುಡಿಯಂತೆ ಉದುರುತ್ತಿತ್ತು.

"ಹಳೇದು," ಎಂದರು. ಯಾಸ್ಮಿನ್ ಕಡೆ ತಿರುಗಿದರು. "ನಿನ್ನ ಕೈ ಬಗ್ಗೆ ನಾನು ಹೇಳಿದ್ದು ತಪ್ಪು."

"ಗುರುವಾರ ಎಂಟು ಜನರ ಮುಂದೆ ಹೇಳಿದ್ರಿ," ಎಂದಳು ಯಾಸ್ಮಿನ್. "ಇಲ್ಲಿ ಐದೇ ಜನ ಇದ್ದೀವಿ. ಉಳಿದ ಮೂವರಿಗೂ ಹೇಳಿ."

"ಹೇಳ್ತೀನಿ."

"ಇವತ್ತೇ."

ವಿಲ್ಲೆಮ್ ಫೋನ್ ತೆಗೆದುಕೊಂಡು ಹೊರಗೆ ಹೋದರು. ಯಾಸ್ಮಿನ್ ನನ್ನ ಕಡೆ ತಿರುಗಿದಳು. ಅವಳು ಕೃತಜ್ಞತೆ ಹೇಳುತ್ತಾಳೆ ಎಂದು ನಾನು ಎಲ್ಲೋ ಒಳಗೆ ಕಾದಿದ್ದೆ, ಒಪ್ಪಿಕೊಳ್ಳುತ್ತೇನೆ.

"ನಾಲ್ಕು ದಿನ ನನ್ನ ಕೈಯನ್ನ ನಾನೇ ನಂಬಿರಲಿಲ್ಲ," ಎಂದಳು. "ಅದನ್ನೂ ಬರ್ಕೋ."

ಬರೆದುಕೊಂಡೆ.

ಸಾಲನ್ನು ಮತ್ತೆ ನಾವಿಬ್ಬರೇ ಮಾಡಬೇಕೆಂದು ನಾನು ಹಟ ಹಿಡಿದೆ. ತಪ್ಪು ನನ್ನದು, ಕೈಯೂ ನನ್ನದೇ ಇರಲಿ ಎಂದು. ಮಾರ್ಚ್ 15ಕ್ಕೆ ಶುರು ಮಾಡಿದೆವು. ಈ ಸಲ ದೋಣಿ ನೆಟ್ಟಗಿತ್ತು, ನಾನು ಅಡಿಯಲ್ಲಿ ಮಲಗಿ ಗನ್ನನ್ನು ಮೇಲಕ್ಕೆ ಹಿಡಿಯಬೇಕಾಗಿತ್ತು. ಎರಡನೆಯ ದಿನ, ಐವತ್ತೆಂಟನೆಯ ರಿವೆಟ್ಟಿಗೆ, ಒಳಗಿನಿಂದ ಯಾಸ್ಮಿನ್ ಒಂದು ತಟ್ಟಿದಳು. ಮತ್ತೊಮ್ಮೆ ಹೊಡಿ ಎಂದು. ನಾನು ಹೊಡೆಯಲಿಲ್ಲ. ಮತ್ತೆ ತಟ್ಟಿದಳು. ಗನ್ನಿನ ಗುಂಡಿ ಒತ್ತಿದ್ದೇನೆಯೋ ಇಲ್ಲವೋ ನನಗೇ ತಿಳಿಯುತ್ತಿರಲಿಲ್ಲ.

ಅವಳು ಹೊರಗೆ ಬಂದು ಬಗ್ಗಿ ನೋಡಿದಳು. ನನ್ನ ಬಲಗೈಯ ಮೂರು ಬೆರಳು ಮೇಣದಂತೆ ಬಿಳಿಚಿಕೊಂಡಿದ್ದವು.

"ಇದು ಎಷ್ಟು ದಿನದಿಂದ?"

"ಚಳಿಗೆ," ಎಂದೆ. ಪ್ರತಿ ವರ್ಷ ಪ್ರತಿಷ್ಠಾನದ ಡಾಕ್ಟರಿಗೆ ಹೇಳುತ್ತಿದ್ದ ಮಾತು ಅದೇ.

"ನಿನ್ನ ಬಗ್ಗೆ ನನಗೆ ಗೊತ್ತು. ಬರೆದಿಟ್ಟಿರ್ತೀಯ. ಎಷ್ಟು ಸಲ?"

ಬರೆದಿಟ್ಟಿದ್ದೆ. ಪುಸ್ತಕದ ಅಂಚಿನಲ್ಲಿ ಒಂದೊಂದು ಸಲಕ್ಕೆ ಒಂದೊಂದು ಚುಕ್ಕಿ. ಮೂರನೆಯ ವರ್ಷ 4, ಆರನೆಯ ವರ್ಷ 22, ಆ ಚಳಿಗಾಲ 61. ಹೇಳಿದೆ.

"ಯಾರಿಗೆ ತೋರಿಸಿದ್ದೀಯ?"

"ಯಾರಿಗೂ ಇಲ್ಲ."

"ನನ್ನ ಮೊಣಕೈ ಎಲ್ಲರ ಮುಂದೆ ಓದಿದೆ," ಎಂದಳು. "ಇದನ್ನೂ ಓದು." ನನ್ನ ಕೈಯಿಂದ ಗನ್ನು ತೆಗೆದುಕೊಂಡಳು. ಉಳಿದ 126 ರಿವೆಟ್‌ಗಳನ್ನು ಅವಳೇ ಹೊಡೆದಳು. ಒಳಗೆ ಗಟ್ಟಿ ಹಿಡಿದವರು ವಿಲ್ಲೆಮ್. ಗಟ್ಟಿಯೂ ಕೈ ನಡುಗಿಸುತ್ತದೆ, ಅದಕ್ಕೂ ನನ್ನನ್ನು ಬಿಡಲಿಲ್ಲ.

ಡಾಕ್ಟರ್ ಪುಸ್ತಕದ ಅಂಚುಗಳನ್ನು ಪುಟ ಪುಟವಾಗಿ ನೋಡಿ, ಗನ್ನಿನ ನಡುಕಕ್ಕೆ ಬೆರಳಿನ ರಕ್ತನಾಳಗಳು ಕೆಟ್ಟಿವೆ ಎಂದರು. ಮೂರನೆಯ ವರ್ಷವೇ ಬಂದಿದ್ದರೆ ಇನ್ನೂ ಎಷ್ಟೋ ವರ್ಷ ಕೆಲಸ ಮಾಡಬಹುದಿತ್ತು, ಈಗ ನಿಲ್ಲಿಸಬೇಕು ಎಂದರು. ಏಪ್ರಿಲ್ 28 ನನ್ನ ಕೊನೆಯ ದಿನವಾಯಿತು. ಯಾಸ್ಮಿನ್‌ಳ ಕಾಯಂ ಪತ್ರಕ್ಕೆ ವಿಲ್ಲೆಮ್ ಮಾರ್ಚ್ 20ರಂದೇ ಸಹಿ ಹಾಕಿದ್ದರು. ಎರಡಕ್ಕೂ ಸಂಬಂಧ ಕಟ್ಟಿ, ನಾನು ಅವಳಿಗಾಗಿ ಜಾಗ ಬಿಟ್ಟೆ ಎಂದು ಕೆಲವರು ಹೇಳಿದರು. ಹಾಗಿಲ್ಲ. ಅವಳಿಗೆ ಸಿಕ್ಕಿದ್ದು ಅವಳ ಕೈಯಿಂದ, ನಾನು ಬಿಟ್ಟದ್ದು ನನ್ನ ಕೈಯಿಂದ.

ಈಗ ಆ ಶೆಡ್ಡಿನಲ್ಲಿ ಪದ್ಧತಿ ಬದಲಾಗಿದೆ. ದೋಣಿಯನ್ನು ಮಗುಚುವ ಮುಂಚೆಯೇ ಎಡಗಡೆ ಉದ್ದಕ್ಕೂ ಕೆಂಪು ಪಟ್ಟಿ, ಬಲಗಡೆ ಹಸಿರು ಪಟ್ಟಿ, ಒಳಗೂ ಹೊರಗೂ ಅಂಟಿಸುತ್ತಾರೆ. ಕಾಗದದಲ್ಲಿ ಎಡ ಬಲ ಎಂದು ಬರೆಯುವುದನ್ನು ನಿಲ್ಲಿಸಿದ್ದಾರೆ, ಕೆಂಪು ಹಸಿರು ಎಂದೇ ಬರೆಯುತ್ತಾರೆ. ಟ್ಯಾಬ್ಲೆಟ್ಟಿನಲ್ಲಿ ದೋಣಿಯ ಚಿತ್ರವಿದೆ, ಬೆರಳಿನಿಂದ ತಿರುಗಿಸಬಹುದು. ಒಳ್ಳೆಯ ಸಲಕರಣೆ. ಆದರೆ ಹೊಸಬರಿಗೆ ನಾನು ಹೇಳುವುದು ಬೇರೆ. ಪುಸ್ತಕ ಇಡಿ. ನಿಮ್ಮ ಲೆಕ್ಕವನ್ನು ನಿಮಗಿಂತ ಹೊಸಬರ ಕೈಗೆ ಕೊಟ್ಟು ಓದಿಸಿ. ನಿಮ್ಮನ್ನು ಪೂರ್ತಿ ನಂಬಿದವರ ಕೈಗೆ ಕೊಟ್ಟರೆ ಅವರು ಮೊತ್ತವನ್ನಷ್ಟೇ ನೋಡುತ್ತಾರೆ.

ನಾನು ಬಿಟ್ಟ ವರ್ಷವೇ ಸೆಪ್ಟೆಂಬರ್ 16, ಶನಿವಾರ ದೋಣಿಯನ್ನು ನೀರಿಗೆ ಇಳಿಸಿದರು. ಅದು ಇನ್ನೆಂದೂ ಹಾರುವುದಿಲ್ಲ, ತೇಲಿದರೆ ಸಾಕು ಎಂಬುದೇ ನಮ್ಮ ಇಷ್ಟು ವರ್ಷದ ಗುರಿ. ಟ್ರ್ಯಾಕ್ಟರು ನಿಧಾನವಾಗಿ ಇಳಿಜಾರಿನಲ್ಲಿ ಬಿಟ್ಟಿತು. ಚಕ್ರದ ಗಾಡಿ ಮುಳುಗಿತು, ದೋಣಿ ಒಮ್ಮೆ ಮುಂದಕ್ಕೆ ಬಾಗಿ, ಅಲುಗಾಡಿ, ತನ್ನ ಭಾರ ತಾನೇ ಹೊತ್ತುಕೊಂಡಿತು. ಒಳಗೆ ಯಾಸ್ಮಿನ್ ಇದ್ದಳು. ನಾನು ಮೊದಲ ಸಲ ಕೆಲಸವಿಲ್ಲದೆ ದಡದಲ್ಲಿ, ವಿಲ್ಲೆಮ್ ಪಕ್ಕದಲ್ಲಿ, ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ನಿಂತಿದ್ದೆ.

ನಲವತ್ತು ನಿಮಿಷದ ಮೇಲೆ ಬಾಗಿಲಿನಿಂದ ಅವಳ ತಲೆ ಹೊರಗೆ ಬಂತು.

"ಕೆಂಪು ಕಡೆ ಒಣಗಿದೆ," ಎಂದು ಕೂಗಿದಳು. "ಹಸಿರು ಕಡೆ, ಹದಿನಾಲ್ಕನೇ ಪಕ್ಕೆಲುಬಿನ ಹತ್ತಿರ, ಅರ್ಧ ಬಕೆಟ್."

ಹಸಿರು ಕಡೆ ಎಂದರೆ ಬಲಗಡೆ, ಬೇಡವಾಗಿದ್ದರೂ ನಾನು ಹೊಡೆದ ಸಾಲು. ದೋಣಿಯ ಒಳಗೆ ನೀರು ತುಂಬಿದಾಗ ಒಣಗಿದ್ದದ್ದು, ಅಲೆಗೆ ತಳ ಬಾಗಿದಾಗ ಜಿನುಗಿತ್ತು. ವಿಲ್ಲೆಮ್ ನನ್ನ ಕಡೆ ತಿರುಗಿದರು.

"ಇಷ್ಟು ಸೋರಿದ್ರೂ ನೀರಲ್ಲೇ ಬಿಡಬಹುದಾ, ಮೇಲಕ್ಕೆ ಎಳೆಸ್ಬೇಕಾ?"

"ನನ್ನನ್ನ ಯಾಕೆ ಕೇಳ್ತೀರಿ ವಿಲ್ಲೆಮ್," ಎಂದೆ. "ತಳ ಅವಳದು."

ಅವರು ಬಾಯಿಗೆ ಕೈ ಅಡ್ಡ ಹಿಡಿದು ಅದೇ ಪ್ರಶ್ನೆಯನ್ನು ನೀರಿನ ಮೇಲೆ ಕೂಗಿದರು. ಯಾಸ್ಮಿನ್ ಬಗ್ಗಿ ಮತ್ತೊಮ್ಮೆ ಒಳಗೆ ನೋಡಿದಳು.

"ತೇಲ್ತಾ ಇರಲಿ," ಎಂದು ಹೇಳಿ ಒಳಗೆ ಹೋದಳು.